‘ಅಗಸ’ ಎಂದು ಓದಿದ ಹುಡುಗಿ

ಚಿಕ್ಕ ಮಕ್ಕಳಿಗೆ ಕಾರ್ಡು, ಹಾಡು, ಆಟಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳು ಮೊದಲು ಬರುತ್ತವೆ. ಆ ಐದರಲ್ಲೇ ಆಗುವ ಸರ, ದರ, ಅರಸ, ಅಗಸ, ಗರಗಸ ಮುಂತಾದ ಪದಗಳನ್ನು ಮಗು ಕೆಲವೇ ವಾರಗಳಲ್ಲಿ ತಾನಾಗಿ ಕೂಡಿಸಿ ಓದುತ್ತದೆ, ಓದು ಬಂತೆಂಬ ಹಿಗ್ಗಿನಲ್ಲಿ ಕಲಿಕಾ ಏಣಿಯ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಹಾಸನ ಜಿಲ್ಲೆಯ ಹಳ್ಳಿಯಿಂದ ಹೋಗಿ ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಕಿರಿಯ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದ ಮೊದಲ ವರ್ಷ, ಒಂದನೆಯ ತರಗತಿಯ ಹುಡುಗಿಯೊಬ್ಬಳು ನನ್ನೆದುರು ಕಾರ್ಡು ಹಿಡಿದು ‘ಅಗಸ’ ಎಂದು ಸ್ಪಷ್ಟವಾಗಿ ಓದಿದಳು. ನನಗೆ ಸಂತೋಷವಾಯಿತು. ‘ಅಗಸ ಅಂದರೆ ಯಾರು?’ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಕಾರ್ಡು ನೋಡಿದಳು, ಮತ್ತೆ ಇನ್ನಷ್ಟು ಗಟ್ಟಿಯಾಗಿ ‘ಅಗಸ’ ಎಂದಳು. ನನ್ನ ಪ್ರಶ್ನೆ ಅವಳನ್ನು ಮುಟ್ಟಿರಲೇ ಇಲ್ಲ. ಇನ್ನೊಮ್ಮೆ ಓದು ಎಂದು ಹೇಳಿರಬೇಕೆಂದು ಅವಳು ಊಹಿಸಿಕೊಂಡಿದ್ದಳು.

ಆ ದಿನ ಅದರಿಂದ ನಾನು ಏನನ್ನೂ ಕಲಿಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಓದಿನ ಅಂಕಣದಲ್ಲಿ ಅವಳಿಗೆ ಒಳ್ಳೆಯ ಗುರುತು ಹಾಕಿದೆ, ಗ್ರಹಿಕೆಯ ಅಂಕಣದಲ್ಲಿ ಕೆಳಗಿನ ಗುರುತು ಹಾಕಿದೆ, ಷರಾ ಬರೆಯುವ ಜಾಗದಲ್ಲಿ ‘ಮಂದಗತಿಯ ಕಲಿಕೆ’ ಎಂದು ಬರೆದೆ. ವರ್ಷ ಮುಗಿಯುವ ಹೊತ್ತಿಗೆ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳ ಹೆಸರಿನ ಮುಂದೆ ಅದೇ ಎರಡು ಪದಗಳಿದ್ದವು. ಒಂದು ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮಂದಮತಿಗಳಾಗಿರಲು ಸಾಧ್ಯವೇ ಎಂಬ ಪ್ರಶ್ನೆಯನ್ನು ನಾನೂ ಕೇಳಿಕೊಳ್ಳಲಿಲ್ಲ, ದಾಖಲೆ ನೋಡಲು ಬಂದವರೂ ಕೇಳಲಿಲ್ಲ. ಕಾರಣ ಎಲ್ಲರಿಗೂ ಮೊದಲೇ ಗೊತ್ತಿತ್ತು: ಗುಳೆ. ದೀಪಾವಳಿಯ ಆಸುಪಾಸಿನಲ್ಲಿ ತಾಂಡಾದ ಅರ್ಧ ಮನೆಗಳು ಬಾಗಿಲು ಹಾಕಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕಟ್ಟಡದ ಕೆಲಸಕ್ಕೆ ಗೋವಾಕ್ಕೋ ಹೋಗುತ್ತವೆ. ಮಕ್ಕಳು ಜೊತೆಯಲ್ಲಿ ಹೋಗುತ್ತಾರೆ. ಗುಳೆ ನಿಜವೇ, ಅದರ ಪೆಟ್ಟೂ ನಿಜವೇ. ಆದರೆ ಗುಳೆ ಹೋಗದೆ ಅಜ್ಜಿಯ ಜೊತೆ ಊರಲ್ಲೇ ಉಳಿದು, ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದ ಮಕ್ಕಳ ಮುಂದೆಯೂ ನಾನು ಅದನ್ನೇ ಬರೆದಿದ್ದೆ.

ನನ್ನ ಕಣ್ಣು ತೆರೆಸಿದವರು ಬಿಸಿಯೂಟದ ಅಡುಗೆಯವರು. ಅವರು ಅದೇ ತಾಂಡಾದ ಹೆಂಗಸು. ಊಟದ ಹೊತ್ತಿನಲ್ಲಿ ಅವರು ಮಕ್ಕಳ ಜೊತೆ ಲಂಬಾಣಿಗರ ಮನೆಮಾತಾದ ಗೋರ್ ಬೋಲಿಯಲ್ಲಿ ಮಾತಾಡುವುದನ್ನು ನಾನು ವರ್ಷವಿಡೀ ಕೇಳಿದ್ದರೂ ಅದು ನನ್ನ ಪಾಲಿಗೆ ಪಾತ್ರೆ ಬಡಿಯುವ ಸದ್ದಿನಂತೆ ಹಿನ್ನೆಲೆಯ ಗದ್ದಲವಾಗಿತ್ತು. ಒಂದು ಮಧ್ಯಾಹ್ನ ಸಾರು ಇಷ್ಟು, ಅನ್ನ ಇಷ್ಟು, ಇಬ್ಬರಿಗೆ ತಟ್ಟೆ ಸಾಲದು ಎಂದು ಲೆಕ್ಕ ಹಾಕುತ್ತ, ಚಿಕ್ಕವರನ್ನು ಸಾಲಾಗಿ ಕೂರಿಸುತ್ತ, ಜಗಳ ಬಿಡಿಸುತ್ತ ಅಡುಗೆಯವರಿಗೆ ಬಲಗೈಯಾಗಿ ಓಡಾಡುತ್ತಿದ್ದ ಹುಡುಗಿಯೊಬ್ಬಳನ್ನು ಕಂಡೆ. ಅದು ಅಗಸ ಎಂದು ಓದಿದ ಹುಡುಗಿಯೇ. ತರಗತಿಯೊಳಗೆ ಎಂಟು ತಿಂಗಳಲ್ಲಿ ಅವಳು ನನ್ನೊಂದಿಗೆ ಆಡಿದ ಮಾತುಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದಿತ್ತು. ಹೊರಗೆ ಅವಳು ಬಾಯಿ ಮುಚ್ಚುತ್ತಲೇ ಇರಲಿಲ್ಲ. ‘ಈಕಿ ಭಾಳ ಶ್ಯಾಣ್ಯಾ ಅದಾಳ್ರಿ ಅಕ್ಕೋರ, ನಿಮಗ ತಿಳಿದಿಲ್ಲ’ ಎಂದರು ಅಡುಗೆಯವರು. ನಿಮಗೆ ತಿಳಿದಿಲ್ಲ ಎಂಬುದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಹಜವಾಗಿ ಹೇಳಿದರು.

ಆಮೇಲೆ ನಾನು ನನ್ನ ಪಾಠದ ಸಾಮಗ್ರಿಯನ್ನು ಬೇರೆ ಕಣ್ಣಿನಿಂದ ನೋಡಲು ತೊಡಗಿದೆ. ಓದಿನ ಆರಂಭದ ಪುಸ್ತಕಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ಚಿತ್ರ ನೋಡಿದ ಮಗುವಿನ ಬಾಯಲ್ಲಿ ಪದ ತಾನಾಗಿ ಬರುತ್ತದೆ, ಆ ಪದದ ಮೊದಲ ಸದ್ದನ್ನು ಹಿಡಿದು ಅಕ್ಷರಕ್ಕೆ ಅಂಟಿಸಬಹುದು ಎಂಬುದೇ ಆ ನಂಬಿಕೆ. ಮನೆಯ ಚಿತ್ರ ನೋಡಿ ಮಗು ‘ಮನೆ’ ಅನ್ನುತ್ತದೆ, ‘ಮ’ ಸಿಗುತ್ತದೆ. ನನ್ನ ತರಗತಿಯಲ್ಲಿ ಮನೆಯ ಚಿತ್ರ ತೋರಿಸಿದರೆ ‘ಘರ್’ ಬರುತ್ತಿತ್ತು, ತಾಯಿಯ ಚಿತ್ರಕ್ಕೆ ‘ಯಾಡಿ’, ನೀರಿನ ಚಿತ್ರಕ್ಕೆ ‘ಪಾಣಿ’. ಅಂದರೆ ಸರಿಯಾಗಿ ಯೋಚಿಸುವ ಮಗು ‘ತ’ ಇರಬೇಕಾದ ಕಡೆ ‘ಯ’ ಎಂದು ಹೇಳುತ್ತಿತ್ತು, ನಾನು ತಪ್ಪು ಎನ್ನುತ್ತಿದ್ದೆ. ಜಾಣ ಮಕ್ಕಳು ಕ್ರಮೇಣ ಯೋಚಿಸುವುದನ್ನು ಬಿಟ್ಟು ಕಾರ್ಡಿನ ಮೂಲೆ ಸವೆದಿರುವುದನ್ನೋ ಬಣ್ಣವನ್ನೋ ಗುರುತಿಟ್ಟುಕೊಂಡು ಉತ್ತರ ಹೇಳಲು ಕಲಿತರು. ಅಕ್ಷರವೇನೋ ಬಂತು, ಆದರೆ ಶಾಲೆಯೆಂದರೆ ಅರ್ಥವಿಲ್ಲದ ಸದ್ದುಗಳನ್ನು ಸರಿಯಾಗಿ ಹೊರಡಿಸುವ ಜಾಗ ಎಂಬ ಪಾಠವೂ ಅದರ ಜೊತೆಗೇ ಬಂತು.

ಆ ವರ್ಷದ ದವಾಳಿಗೆ (ಅವರು ದೀಪಾವಳಿಯನ್ನು ಹಾಗೆಯೇ ಕರೆಯುವುದು) ತಾಂಡಾಕ್ಕೆ ಕರೆದಿದ್ದರು. ಹೆಣ್ಣುಮಕ್ಕಳು ದೀಪ ಹಿಡಿದು ಮನೆಯಿಂದ ಮನೆಗೆ ಹೋಗಿ, ನಾಯಕನ ಮನೆಯಿಂದ ಹಿಡಿದು ಮನೆಮನೆಯ ಹಿರಿಯರ ಮುಂದೆ ‘ಮೇರಾ’ ಹಾಡುತ್ತಾರೆ. ‘ಯಾಡಿ ತೋನ ಮೇರಾ’, ತಾಯಿ, ನಿನಗೆ ಮೇರಾ ಎಂದು ಒಬ್ಬೊಬ್ಬರನ್ನೂ ಸಂಬಂಧದ ಹೆಸರು ಹಿಡಿದು ಹರಸುತ್ತ ಹೋಗುವ ಆ ಹಾಡನ್ನು ಆರು ವರ್ಷದ ಮಕ್ಕಳು ಒಂದು ಪದವೂ ತಪ್ಪದೆ ಹೇಳುತ್ತಿದ್ದರು. ನಾಲ್ಕು ಸಾಲಿನ ಶಿಶುಗೀತೆಯನ್ನು ಅದೇ ಮಕ್ಕಳಿಗೆ ಬಾಯಿಪಾಠ ಮಾಡಿಸಲಾಗದೆ ನಾನು ಎರಡು ವಾರ ಒದ್ದಾಡಿದ್ದೆ.

ನನ್ನ ತಂದೆ 1982ರಲ್ಲಿ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ನಡೆದವರು. ತಾಯ್ನುಡಿಯಲ್ಲಿ ಕಲಿಯದ ಮಗು ಬೇರಿಲ್ಲದ ಗಿಡ ಎಂಬ ಮಾತನ್ನು ನಾನು ಅವರಿಂದ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಕನ್ನಡಿಗರಾದ ನಾವು ಈ ಒಂದು ವಿಷಯದಲ್ಲಿ ದೇಶಕ್ಕೇ ವಾದ ಕಲಿಸಬಲ್ಲವರು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಶಿಕ್ಷಣ ಮಾಧ್ಯಮ ‘ಮಾತೃಭಾಷೆ ಅಥವಾ ಕನ್ನಡ’ ಆಗಿರಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಅದನ್ನು ಖಾಸಗಿ ಶಾಲೆಗಳು ಪ್ರಶ್ನಿಸಿದವು, 2008ರಲ್ಲಿ ಹೈಕೋರ್ಟು ಆ ಶಾಲೆಗಳ ಪರವಾಗಿ ತೀರ್ಪು ಕೊಟ್ಟಿತು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪೋಷಕರು, ಸರ್ಕಾರ ಅದನ್ನು ಹೇರುವಂತಿಲ್ಲ ಎಂದು ಹೇಳಿತು. ಈ ಇಪ್ಪತ್ತು ವರ್ಷಗಳ ಜಗಳದಲ್ಲಿ ಕನ್ನಡ ಮತ್ತು ಇಂಗ್ಲಿಷಿನ ಬಗ್ಗೆ ಸಾವಿರಾರು ಪುಟಗಳು ಬಂದವು. ಆದೇಶದಲ್ಲಿದ್ದ ‘ಅಥವಾ’ ಎಂಬ ಪದದ ಬಗ್ಗೆ ನನ್ನ ಕಣ್ಣಿಗೆ ಬಿದ್ದ ಬರಹಗಳು ಬಹಳ ಕಡಿಮೆ. ಮನೆಮಾತು ಕನ್ನಡವಾಗಿರುವ ಮಗುವಿಗೆ ಆ ‘ಅಥವಾ’ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೋರ್ ಬೋಲಿ ಆಡುವ ಮಗು ಮಾತ್ರ ಆ ಪದದ ಸಂದಿಯಲ್ಲೇ ಜಾರಿ ಬೀಳುತ್ತದೆ; ಅದರ ಮಾತೃಭಾಷೆಯಲ್ಲಿ ಶಾಲೆಯಿಲ್ಲ, ಆದ್ದರಿಂದ ‘ಅಥವಾ ಕನ್ನಡ’. ರಾಜ್ಯ ಶಿಕ್ಷಣ ನೀತಿಯ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯೂ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆ ಎಂದೇ ಹೇಳಿದೆ. ಪದಗಳು ಹಿಂದೆ ಮುಂದಾಗಿವೆ, ಸಂದಿ ಹಾಗೆಯೇ ಇದೆ.

ನಮ್ಮ ರಾಜ್ಯದಲ್ಲಿ ಬೇರೆ ಭಾಷೆಯ ಶಾಲೆಗಳೇ ಇಲ್ಲವೆಂದಲ್ಲ. ಸರ್ಕಾರಿ ಉರ್ದು ಶಾಲೆಗಳಿವೆ, ಬೆಳಗಾವಿಯಲ್ಲಿ ಮರಾಠಿ ಶಾಲೆಗಳಿವೆ, ತಮಿಳು, ತೆಲುಗು ಮಾಧ್ಯಮದವೂ ಇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆನ್ನುವ 350ಎ ವಿಧಿ 1956ರಲ್ಲೇ ಸಂವಿಧಾನ ಸೇರಿದೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ನು ಕೂಡ ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಎನ್ನುತ್ತದೆ. ಆದರೆ ಈ ಅನುಕೂಲ ಸಿಕ್ಕಿರುವುದು ಎಲ್ಲೋ ಒಂದು ರಾಜ್ಯವನ್ನೋ, ಲಿಪಿಯನ್ನೋ, ಪತ್ರಿಕೆಗಳನ್ನೋ ಬೆನ್ನಿಗಿಟ್ಟುಕೊಂಡ ಭಾಷೆಗಳಿಗೆ. ಲಂಬಾಣಿಗರ ಗೋರ್ ಬೋಲಿ, ಜೇನು ಕುರುಬರ ನುಡಿ, ಸೋಲಿಗರ ನುಡಿ, ಕೊರಗರ ನುಡಿ, ಹಕ್ಕಿಪಿಕ್ಕಿಗಳ ವಾಗ್ರಿ ಮಾತು ಇವುಗಳಿಗೆ ಬೆನ್ನಿಗೆ ಯಾರೂ ಇಲ್ಲ. ಜನಗಣತಿಯ ಲೆಕ್ಕವೂ ಇವುಗಳಿಗೆ ನೆರವಾಗುವುದಿಲ್ಲ. 2011ರ ಗಣತಿಯಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಮಂದಿ ತಮ್ಮ ಮಾತೃಭಾಷೆ ಲಂಬಾಣಿ ಎಂದು ಬರೆಸಿದ್ದಾರೆ, ಆದರೆ ಅವರೆಲ್ಲರನ್ನೂ ಹಿಂದಿಯ ಗುಂಪಿನೊಳಗೆ ಸೇರಿಸಲಾಗಿದೆ. ನನ್ನ ತರಗತಿಯ ಹುಡುಗಿ ಕಾಗದದ ಮೇಲೆ ಹಿಂದಿಯವಳು, ಶಾಲೆಯಲ್ಲಿ ಕನ್ನಡದವಳು. ಅವಳ ಅಜ್ಜಿಗೆ ಮಾತ್ರ ಅವಳು ಏನೆಂದು ಗೊತ್ತು.

ಭಾಷೆ ಕನ್ನಡಕ್ಕೆ ತೀರ ದೂರವಿದ್ದರೆ ಒಂದು ಕಷ್ಟ, ತೀರ ಹತ್ತಿರವಿದ್ದರೆ ಇನ್ನೊಂದು. ಜೇನು ಕುರುಬರ ನುಡಿ ದ್ರಾವಿಡ ನುಡಿ, ಕನ್ನಡದ ನೆಂಟ. ಎಚ್.ಡಿ. ಕೋಟೆ ಕಡೆಯ ಆಶ್ರಮ ಶಾಲೆಯೊಂದರಲ್ಲಿದ್ದ ಗೆಳತಿಯನ್ನು ನೋಡಲು ಹೋದಾಗ, ಹಾಡಿಯಿಂದ (ಬುಡಕಟ್ಟಿನವರ ಕೇರಿಯಿಂದ) ಬಂದ ಮಕ್ಕಳು ಮಾತಾಡಿದ್ದನ್ನೆಲ್ಲ ಅಲ್ಲಿ ‘ಅಶುದ್ಧ ಕನ್ನಡ’ ಎಂದು ತಿದ್ದುತ್ತಿದ್ದುದನ್ನು ಕಂಡೆ. ನಮ್ಮ ತಾಂಡಾದ ಮಗುವಿಗೆ ಕನ್ನಡ ಬರುವುದಿಲ್ಲ ಎಂದಾದರೂ ಶಿಕ್ಷಕರು ಒಪ್ಪುತ್ತಾರೆ. ಹಾಡಿಯ ಮಗುವಿಗೆ ತನ್ನದೊಂದು ಭಾಷೆಯಿದೆ ಎಂಬುದನ್ನೇ ಒಪ್ಪುವುದಿಲ್ಲ. ಇದರಲ್ಲಿ ಒಂದು ವಿಚಿತ್ರವಿದೆ. ನಲಿ-ಕಲಿ ಹುಟ್ಟಿದ್ದೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರ ಸುಮಾರಿಗೆ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಶಿಕ್ಷಕರು ಸ್ಥಳೀಯ ಹಾಡು, ಆಟ, ಕಥೆಗಳಿಂದ ಕಾರ್ಡುಗಳನ್ನು ಕಟ್ಟಿದರು. ಅಲ್ಲಿಂದ 50 ಕಿಲೋಮೀಟರಿನ ಆಸುಪಾಸಿನಲ್ಲಿರುವ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಸ್ಥಾಪನೆಯಾದಾಗಿನಿಂದ ಬುಡಕಟ್ಟು ಭಾಷೆಗಳ ವ್ಯಾಕರಣ, ನಿಘಂಟು ಮಾಡುತ್ತ ಬಂದಿದೆ; ಮನೆಮಾತಿನಲ್ಲಿ ಶುರುಮಾಡಿ ರಾಜ್ಯಭಾಷೆಗೆ ದಾಟಿಸುವ ದ್ವಿಭಾಷಾ ಪ್ರವೇಶಿಕೆಗಳನ್ನೂ, ಅಂದರೆ ಓದು ಕಲಿಸುವ ಮೊದಲ ಪುಸ್ತಕಗಳನ್ನೂ, ರೂಪಿಸಿದೆ. ಶಾಲೆ ಕಲಿಸುವ ಹೊಸ ವಿಧಾನವೂ ಭಾಷೆಯ ವಿದ್ಯೆಯೂ ಒಂದೇ ಜಿಲ್ಲೆಯಲ್ಲಿದ್ದವು. ಅವೆರಡು ಜೇನು ಕುರುಬರ ಹಾಡಿಯಲ್ಲಿ ಭೇಟಿಯಾಗಲಿಲ್ಲ. ಆ ಸಂಸ್ಥಾನ ಎನ್‌ಸಿಇಆರ್‌ಟಿ ಜೊತೆಗೂಡಿ 2024ರಲ್ಲಿ 52 ಪ್ರವೇಶಿಕೆಗಳನ್ನು ಹೊರತಂದಿತು. ಒಳ್ಳೆಯದೇ, ಆದರೆ ಪ್ರವೇಶಿಕೆಯನ್ನು ಕೈಗೆತ್ತಿಕೊಳ್ಳುವ ಶಿಕ್ಷಕಿಗೆ ಆ ಮಾತು ಬರಬೇಕಲ್ಲ.

ಆಗದ ಕೆಲಸವೇನೂ ಇದಲ್ಲ. ಇದೇ ಲಂಬಾಣಿ ಭಾಷೆಯಲ್ಲಿ ನಮ್ಮ ಗಡಿಯಾಚೆಗೆ ಪಾಠ ನಡೆದಿದೆ. ಅವಿಭಜಿತ ಆಂಧ್ರಪ್ರದೇಶ 2004ರಲ್ಲಿ ಎಂಟು ಬುಡಕಟ್ಟು ಭಾಷೆಗಳಲ್ಲಿ ಪ್ರಾಥಮಿಕ ಶಿಕ್ಷಣದ ಪ್ರಯೋಗ ಆರಂಭಿಸಿದಾಗ ಗೊಂಡಿ, ಕೋಯ, ಕೋಲಾಮಿ, ಸವರ, ಕೊಂಡ, ಕುವಿ, ಆದಿವಾಸಿ ಒಡಿಯಾಗಳ ಜೊತೆಗೆ ಲಂಬಾಡಿಯೂ ಇತ್ತು. ಪುಸ್ತಕಗಳನ್ನು ತೆಲುಗು ಲಿಪಿಯಲ್ಲಿ ಅಚ್ಚು ಹಾಕಿದರು. ಅಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡ, ನಮ್ಮಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಭಾಷೆ, ಒಂದೇ ಹಾಡು, ಮೂರು ಪಟ್ಟಿ. ಬುಡಕಟ್ಟು ಮಕ್ಕಳ ಭಾಷೆ ಎಂಬ ಹೆಸರಿನ ಯೋಜನೆ ಬಂದರೂ ನಮ್ಮ ತಾಂಡಾದ ಬಾಗಿಲಿಗೆ ಅದು ಬರುವುದು ಕಷ್ಟ, ಏಕೆಂದರೆ ಪಟ್ಟಿಯ ಪ್ರಕಾರ ಇವರು ಬುಡಕಟ್ಟಿನವರಲ್ಲ.

ಒಡಿಶಾ ಇನ್ನೂ ಮುಂದೆ ಹೋಯಿತು. 2007ರಲ್ಲಿ ಹತ್ತು ಭಾಷೆಗಳಲ್ಲಿ ಶುರುವಾದ ಅಲ್ಲಿನ ಬಹುಭಾಷಾ ಶಿಕ್ಷಣ ಆಮೇಲೆ 21 ಭಾಷೆಗಳಿಗೆ ಬೆಳೆಯಿತು, 2014ರಲ್ಲಿ ರಾಜ್ಯದ ಅಧಿಕೃತ ನೀತಿಯಾಯಿತು. ಆ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಮನೆಮಾತಿನ ಶಿಕ್ಷಣವೆಂದರೆ ರಾಜ್ಯಭಾಷೆಯನ್ನು ಕಲಿಸದಿರುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲಿ ಮೊದಲ ತರಗತಿ ಸವರ, ಕುಯಿ ಅಥವಾ ಜುವಾಂಗ್ ಭಾಷೆಯಲ್ಲೇ ನಡೆಯುತ್ತದೆ. ಆಮೇಲೆ ಒಡಿಯಾ ಮೊದಲು ಕಿವಿಗೆ ಮತ್ತು ಬಾಯಿಗೆ ಬರುತ್ತದೆ, ಬರಹ ಅದರ ಹಿಂದೆ ಬರುತ್ತದೆ, ಮೇಲಿನ ತರಗತಿಗಳಿಗೆ ಹೋದಂತೆ ಒಡಿಯಾದ ಪಾಲು ಹೆಚ್ಚುತ್ತ ಹೋಗುತ್ತದೆ. ಪುಸ್ತಕಗಳು ಬಹುಪಾಲು ಒಡಿಯಾ ಲಿಪಿಯಲ್ಲೇ ಇರುವುದರಿಂದ ಮಗು ತನ್ನ ಭಾಷೆಗೆಂದು ಕಲಿತ ಅಕ್ಷರಗಳೇ ಒಡಿಯಾಕ್ಕೂ ಸೇತುವೆಯಾಗುತ್ತವೆ. ಪಾಠಗಳನ್ನು ಆಯಾ ಸಮುದಾಯದ ಸುಗ್ಗಿ, ಹಬ್ಬ, ಬೇಟೆ, ಸಂತೆಗಳ ಕಾಲಕ್ರಮದ ಮೇಲೆ ಹೆಣೆಯುತ್ತಾರೆ. ಒಂದು ಕಡೆ ದೊಡ್ಡ ಚಿತ್ರಪುಸ್ತಕದ ಕಥೆ, ಮಾತು, ಹಾಡು. ಇನ್ನೊಂದು ಕಡೆ ಅಕ್ಷರ, ಪದ, ಕಾಗುಣಿತ. ಎರಡೂ ಜೊತೆಜೊತೆಯಾಗಿ ನಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಭಾಷೆಯನ್ನು ಆಡುವ ಸಮುದಾಯದವರನ್ನೇ ಶಿಕ್ಷಕರಾಗಿ ತೆಗೆದುಕೊಂಡರು. ನನ್ನ ಶಾಲೆಯಲ್ಲಿ ಆ ಅರ್ಹತೆ ಇದ್ದ ಒಬ್ಬರೇ ವ್ಯಕ್ತಿ ಅನ್ನ ಬೇಯಿಸುತ್ತಿದ್ದರು.

ಒಡಿಶಾದ ಮನಶ್ಶಾಸ್ತ್ರಜ್ಞ ಅಜಿತ್ ಮೊಹಂತಿ ಫೂಲಬಾನಿ ಸೀಮೆಯ ಕೊಂಧ ಮಕ್ಕಳ ಮೇಲೆ ಮಾಡಿದ ಅಧ್ಯಯನ ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಕೆಲವು ಊರುಗಳ ಮಕ್ಕಳು ಕುಯಿ ಮತ್ತು ಒಡಿಯಾ ಎರಡನ್ನೂ ಆಡುತ್ತಿದ್ದರು; ಇನ್ನು ಕೆಲವು ಊರುಗಳಲ್ಲಿ ಅದೇ ಸಮುದಾಯದವರು ಕುಯಿಯನ್ನು ಕಳೆದುಕೊಂಡು ಒಡಿಯಾ ಒಂದನ್ನೇ ಉಳಿಸಿಕೊಂಡಿದ್ದರು. ಎರಡು ಭಾಷೆ ಇಟ್ಟುಕೊಂಡ ಮಕ್ಕಳೇ ಯೋಚನೆಯ ಪರೀಕ್ಷೆಗಳಲ್ಲಿಯೂ, ಭಾಷೆಯನ್ನು ಕುರಿತು ಯೋಚಿಸುವ ಸಾಮರ್ಥ್ಯದಲ್ಲಿಯೂ ಮುಂದಿದ್ದರು. ಮನೆಮಾತನ್ನು ಬಿಟ್ಟರೆ ರಾಜ್ಯಭಾಷೆಗೆ ಜಾಗ ಆಗುತ್ತದೆ ಎಂಬ ಲೆಕ್ಕ, ಮಗುವಿನ ತಲೆಯನ್ನು ಒಂದೇ ಕೊಡ ನೀರು ಹಿಡಿಸುವ ಹರವಿ ಎಂದುಕೊಂಡವರ ಲೆಕ್ಕ. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಹೇಳಿದ ಇನ್ನೊಂದು ಮಾತು ಶಿಕ್ಷಕರಿಗೆ ದಿನನಿತ್ಯದ ಅನುಭವ: ಆಟದ ಬಯಲಿನ ಭಾಷೆ ಒಂದೆರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆ ಬರಲು ಐದರಿಂದ ಏಳು ವರ್ಷ ಬೇಕು. ನನ್ನ ತಾಂಡಾದ ಮಕ್ಕಳು ಮೂರನೆಯ ತರಗತಿಗೆ ಬರುವಾಗ ‘ಊಟ ಆತೇನ್ರಿ ಅಕ್ಕೋರ’ ಎಂದು ನನಗಿಂತ ಚೆನ್ನಾದ ವಿಜಯಪುರದ ಕನ್ನಡದಲ್ಲಿ ಕೇಳುತ್ತಿದ್ದರು. ಅದನ್ನು ಕೇಳಿ, ಕನ್ನಡ ಬಂತಲ್ಲ, ಇನ್ನು ಪರಿಸರ ಅಧ್ಯಯನದ ‘ಆವಿಯಾಗುವಿಕೆ’ ಅರ್ಥವಾಗದಿದ್ದರೆ ಅದು ಅವರ ದಡ್ಡತನ ಎಂದುಕೊಳ್ಳುವುದು ಬಹಳ ಸುಲಭ. (ವಿಜಯಪುರದ ಕನ್ನಡ ಮಾತಾಡುವ ಮಕ್ಕಳಿಗೂ ಆ ಪದ ಹಾಸನದಷ್ಟೇ ಪರಕೀಯ ಎಂಬುದು ಬೇರೆ ಮಾತು.)

ಇಷ್ಟೆಲ್ಲ ಓದಿಕೊಂಡು ಉತ್ಸಾಹದಿಂದ ನಾನು ಪೋಷಕರ ಸಭೆಯಲ್ಲಿ ವಿಷಯ ಎತ್ತಿದಾಗ ಆದದ್ದನ್ನೂ ಹೇಳಬೇಕು. ಮಕ್ಕಳ ಭಾಷೆಯಲ್ಲೇ ಸ್ವಲ್ಪ ದಿನ ಕಲಿಸೋಣವೇ ಎಂದೆ. ಹಿರಿಯರೊಬ್ಬರು ಎದ್ದು, ‘ನಮ್ಮ ಭಾಷಾ ಮನ್ಯಾಗ ಕಲೀತಾವ್ರಿ ಅಕ್ಕೋರ. ಅದನ್ನ ಕಲಸಾಕ ಸಾಲಿ ಯಾಕ ಬೇಕು? ಕನ್ನಡ ಕಲಸ್ರಿ, ಸಾಧ್ಯ ಆದ್ರ ಇಂಗ್ಲೀಷ್ ಕಲಸ್ರಿ’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಗೋರ್ ಬೋಲಿ ಆಡಿದ್ದಕ್ಕೆ ತಹಸೀಲ್ದಾರ ಕಚೇರಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ನಗೆಗೀಡಾದವರಿಗೆ, ಅದನ್ನು ಶಾಲೆಯೊಳಕ್ಕೆ ತರುತ್ತೇನೆ ಎನ್ನುವುದು ಮಕ್ಕಳನ್ನು ತಾಂಡಾದಲ್ಲೇ ಕಟ್ಟಿಹಾಕುವ ಇನ್ನೊಂದು ಉಪಾಯದಂತೆ ಕಂಡರೆ ಅಚ್ಚರಿಯೇನು? ಕನ್ನಡಿಗ ಪೋಷಕರು ಇಂಗ್ಲಿಷ್ ಮಾಧ್ಯಮಕ್ಕೆ ಓಡುವುದೂ ಇದೇ ಭಯದಿಂದ. ನಮ್ಮ ಮುಂದೆ ಇಂಗ್ಲಿಷು ಹೇಗೆ ನಿಂತಿದೆಯೋ ಅವರ ಮುಂದೆ ಕನ್ನಡ ಹಾಗೆ ನಿಂತಿದೆ ಎಂಬುದು ನನಗೆ ಆ ಸಭೆಯಲ್ಲಿ ಹೊಳೆಯಿತು, ಅದು ಹೊಳೆದಾಗ ತಂದೆಯವರ ಮೆರವಣಿಗೆ ನೆನಪಾಗಿ ಇರಿಸುಮುರಿಸಾಯಿತು. ಕನ್ನಡದ ಪರವಾದ ನಮ್ಮ ವಾದ ನಿಜಕ್ಕೂ ಮಗುವಿನ ಪರವಾದ ವಾದವೇ ಆಗಿದ್ದರೆ ಅದು ತಾಂಡಾದ ಗೇಟಿನಲ್ಲಿ ನಿಲ್ಲಬಾರದಿತ್ತು. ಕನ್ನಡವನ್ನು ಬಿಟ್ಟುಕೊಡುವ ಮಾತನ್ನು ನಾನು ಆಡುತ್ತಿಲ್ಲ. ಆ ಹಿರಿಯರು ಕೇಳಿದ ಕನ್ನಡವನ್ನು ಅರ್ಥಸಹಿತವಾಗಿ ಕೊಡುವ ದಾರಿ ಅವರು ಬೇಡವೆಂದ ಮಾತಿನ ಮೂಲಕವೇ ಹೋಗುತ್ತದೆ ಎಂಬುದಷ್ಟೇ ನನ್ನ ಮಾತು. ಅದನ್ನು ಅವರಿಗೆ ಒಪ್ಪಿಸಲು ಭಾಷಣ ಸಾಲದು ಎಂದು ತಿಳಿದು ಸುಮ್ಮನಾದೆ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಪಕ್ಕದ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಲಂಬಾಣಿ, ಉರ್ದು, ಕನ್ನಡ ಮೂರೂ ಮನೆಮಾತಿನ ಮಕ್ಕಳಿದ್ದರು. ಅಲ್ಲಿ ಯಾವುದನ್ನು ಮೊದಲು ಹಿಡಿಯುವುದು? ಸಮುದಾಯದಿಂದಲೇ ಶಿಕ್ಷಕಿಯನ್ನು ತಂದರೆ, ಮುಂದಿನ ವರ್ಗಾವಣೆಯಲ್ಲಿ ಅವರು ಬೇರೆ ತಾಲ್ಲೂಕಿಗೆ ಹೋಗದಂತೆ ನೋಡಿಕೊಳ್ಳುವವರು ಯಾರು? ಇದಕ್ಕೆಲ್ಲ ಇಲಾಖೆಯ ಮಟ್ಟದಲ್ಲಿ ಉತ್ತರ ಬೇಕು, ನನ್ನಂಥವರ ಕೈಯಲ್ಲಿ ಇರುವುದು ಕಾರ್ಡು ಮತ್ತು ಸೀಮೆಸುಣ್ಣ ಮಾತ್ರ.

ನಾನು ಮಾಡಿದ್ದು ಬಹಳ ಸಣ್ಣದು. ಊಟ ಮುಗಿದ ಮೇಲೆ ಅರ್ಧ ಗಂಟೆ ಅಡುಗೆಯವರನ್ನು ತರಗತಿಗೆ ಕರೆದು ಅವರಿಂದ ಕಥೆ ಹೇಳಿಸಿದೆ. ಮಕ್ಕಳು ಆ ಕಥೆಯನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಿದರು, ನಾನು ಅದರಲ್ಲಿ ನಾಲ್ಕೈದು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದೆ, ಪಕ್ಕದಲ್ಲಿ ಅದೇ ಕಥೆಯ ಕನ್ನಡ ವಾಕ್ಯಗಳನ್ನು ಬರೆದೆ. ತಮ್ಮ ಬಾಯಿಂದ ಬಂದದ್ದು ಗೋಡೆಯ ಮೇಲೆ ಅಕ್ಷರವಾಗಿ ನಿಂತದ್ದನ್ನು ಮೊದಲ ದಿನ ಕಂಡಾಗ ಮಕ್ಕಳು ನಕ್ಕರು, ನಾಚಿಕೊಂಡರು, ನಾನು ತಪ್ಪಾಗಿ ಬರೆದ ಕಡೆ ತಿದ್ದಿದರು. ಶಾಲೆಯಲ್ಲಿ ಮಕ್ಕಳು ನನ್ನನ್ನು ತಿದ್ದಿದ್ದು ಅದೇ ಮೊದಲು. ಆಮೇಲೆ ನಲಿ-ಕಲಿಯ ಪ್ರತಿಯೊಂದು ಪದಕ್ಕೂ ಎದುರಿನಲ್ಲಿ ಗೋರ್ ಬೋಲಿಯ ಪದ ಬರೆದ ಒಂದು ನೋಟುಪುಸ್ತಕ ಮಾಡಿದೆ. ಅಡುಗೆಯವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಹಳೆಯ ಷರಾಗಳನ್ನು ದಾಖಲೆಯಿಂದ ಅಳಿಸುವ ಅಧಿಕಾರ ನನಗಿರಲಿಲ್ಲ. ಆ ವರ್ಷ ಹೊಸದಾಗಿ ಅಂಥ ಷರಾ ಬರೆಯಲಿಲ್ಲ.

ವರ್ಗಾವಣೆಯಾದಾಗ ಆ ಪುಸ್ತಕವನ್ನು ನನ್ನ ಜಾಗಕ್ಕೆ ಬಂದ ಶಿಕ್ಷಕಿಯ ಕೈಗೆ ಕೊಟ್ಟು ಬಂದೆ. ಮೂರು ತಿಂಗಳ ಮೇಲೆ ಅವರು ಫೋನು ಮಾಡಿದರು. ‘ಮೇಡಂ, ಎಲ್ಲ ಪದಕ್ಕೂ ಎದುರಿಗೆ ಬರೆದಿದ್ದೀರಿ, ಮೊದಲನೆಯ ಪುಟದಲ್ಲಿ ‘ಅಗಸ’ದ ಎದುರು ಮಾತ್ರ ಖಾಲಿ ಬಿಟ್ಟಿದ್ದೀರಿ, ಮರೆತಿರಾ?’ ಎಂದು ಕೇಳಿದರು. ಮರೆತಿರಲಿಲ್ಲ. ಆ ಪದ ಬಂದಾಗ ಅಡುಗೆಯವರು ಸ್ವಲ್ಪ ಹೊತ್ತು ಯೋಚಿಸಿ, ‘ನಮ್ಮ ತಾಂಡಾದಾಗ ಅಗಸ ಎಲ್ಲಿ ಅದಾನ್ರಿ ಅಕ್ಕೋರ, ನಮ್ಮ ಅರಿಬಿ ನಾವ ಒಗೀತೀವಿ’ ಎಂದಿದ್ದರು.